ಡಾರ್ಮರ್ ಯಾಕೆ ಕೂರಲ್ಲ?

ಅಮೆರಿಕದ ಮನೆಗಳ ನಕ್ಷೆ ಬರೆಯೋರಿಗೆ ಈ ತಲೆನೋವು ಗೊತ್ತು. ಇಳಿಜಾರು ಛಾವಣಿಯಿಂದ ಎದ್ದು ನಿಂತು ಅಟ್ಟಕ್ಕೆ ಬೆಳಕು ಕೊಡೋ ಪುಟ್ಟ ಕಿಟಕಿಗೂಡು, ಅದೇ ಡಾರ್ಮರ್, ಇಡೋಕೆ ಹೋದರೆ ಸಾಫ್ಟ್‌ವೇರ್ ಒಪ್ಪಲ್ಲ. ಎಲ್ಲರೂ ಮೊದಲು ಬೈಯೋದು ಸಾಫ್ಟ್‌ವೇರನ್ನೇ. ನಾನು ಮೊದಲು ನೋಡೋದು ಪಿಚ್, ಅಂದ್ರೆ ಛಾವಣಿಯ ಇಳಿಜಾರು, ಯಾವ ಅಳತೆಯಲ್ಲಿದೆ ಅಂತ. ಅಮೆರಿಕದಲ್ಲಿ 12 ಇಂಚು ಅಡ್ಡಕ್ಕೆ ಎಷ್ಟು ಇಂಚು ಏರು ಅನ್ನೋದೇ ಲೆಕ್ಕ. 12ಕ್ಕೆ 12 ಅಂದ್ರೆ 45 ಡಿಗ್ರಿ. ಸೆಟ್ಟಿಂಗ್ ಡಿಗ್ರಿಯಲ್ಲಿದ್ದಾಗ 12 ಅಂತ ಒತ್ತಿದರೆ ಏರು ಬರೀ ಎರಡೂವರೆ ಇಂಚು, ಛಾವಣಿ ಹೆಚ್ಚುಕಮ್ಮಿ ಚಪ್ಪಟೆ.

ಅದು ಸರಿಯಿದ್ರೆ ಅಗಲ ನೋಡಿ. ಎರಡೂ ಕಡೆ ಇಳಿಜಾರಿರೋ ಡಾರ್ಮರ್ 12 ಅಡಿ ಅಗಲವಿದ್ದು ಪಿಚ್ 12ಕ್ಕೆ 12 ಇದ್ರೆ, ನೆತ್ತಿ ತನ್ನ ಗೋಡೆಗಿಂತ 6 ಅಡಿ ಮೇಲೇರುತ್ತೆ. ಮುಖ್ಯ ಛಾವಣಿಯ ನೆತ್ತಿಯನ್ನೇ ದಾಟಿಬಿಟ್ಟರೆ ಹಿಂದಕ್ಕೆ ಹೋಗಿ ಸೇರೋದು ಎಲ್ಲಿಗೆ? ಪಿಚ್ 12ಕ್ಕೆ 6 ಮಾಡಿ, 3 ಅಡಿಯಲ್ಲಿ ಮುಗಿಯುತ್ತೆ.

ಒಂದೇ ಕಡೆ ಇಳಿಜಾರಿರೋ ಶೆಡ್ ಡಾರ್ಮರ್ ಇನ್ನೂ ತರಲೆ. ಅದರ ಪಿಚ್ ಮುಖ್ಯ ಛಾವಣಿಯದಕ್ಕಿಂತ ಕಡಿಮೆಯೇ ಇರಬೇಕು. ಸಮ ಇಟ್ಟರೆ ಎರಡೂ ರೈಲು ಹಳಿ. ಅಂಥದ್ದನ್ನು ಬಡಗಿಯೂ ಕಟ್ಟಲಾರ. ಅವನಾದ್ರೆ ಎರರ್ ಮೆಸೇಜ್ ಕೊಡಲ್ಲ, ನೇರ ಬೈತಾನೆ.