ಕೂತ ದಂಡು

ರಾತ್ರಿ ರೈಲು ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿನ ಮುಂದೆ ನಿಂತುಬಿಟ್ಟೆ. ಕನ್ನಡದಲ್ಲಿ 'ಬೆಂಗಳೂರು ದಂಡು', ಹಿಂದಿಯಲ್ಲಿ 'ಛಾವನಿ', ಇಂಗ್ಲಿಷಿನಲ್ಲಿ 'ಕಂಟೋನ್ಮೆಂಟ್'. ಎಷ್ಟು ಸಲ ಇಲ್ಲಿ ಇಳಿದಿದ್ದೇನೋ! ಒಂದೇ ಜಾಗಕ್ಕೆ ಮೂರು ಭಾಷೆಗಳು ಮೂರು ಚಿತ್ರ ಬರೆದಿರುವುದು ಅಂದೇ ಕಂಡದ್ದು.

ಸೈನ್ಯ ನೆಲೆನಿಂತ ತಾಣಕ್ಕೆ ಈ ಮೂರೂ ಹೆಸರು. ಛಾವನಿಯಲ್ಲಿ ಕಾಣುವುದು ಸಿಪಾಯಿಗಳ ತಲೆ ಮೇಲಿನ ಸೂರು. ನಮ್ಮ ಚಾವಣಿ ಅದರ ನೆಂಟ. ಕಂಟೋನ್ಮೆಂಟ್ ಬಂದದ್ದು ಫ್ರೆಂಚ್ ನುಡಿಯಿಂದ. ಅದರ ಒಡಲಲ್ಲಿರುವುದು ಮೂಲೆ, ನೆಲದ ತುಂಡು. ಕನ್ನಡ ಮಾತ್ರ ಸೂರನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ, ಜನರನ್ನು ನೋಡಿತು. ದಂಡು ಎಂದರೆ ಸೈನ್ಯವೇ. ಅದೂ ನಡೆಯುವ ಸೈನ್ಯ. ದಂಡೆತ್ತಿ ಹೋಗುತ್ತಾರೆ, ದಂಡು ಕಟ್ಟಿಕೊಂಡು ಬರುತ್ತಾರೆ. ದಣಿದರೆ ಬೀಡು ಬಿಡುತ್ತಾರೆ, ಬೆಳಗಾದರೆ ಹೊರಡುತ್ತಾರೆ. ಅಂಥ ಪದ ಇಲ್ಲಿ ಊರಾಗಿ ಕೂತಿದೆ!

1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಲ್ಲೇ ಉಳಿಯಿತು. ಅಲ್ಲಿನ ಕಾವೇರಿ ದಂಡೆಯ ಗ್ಯಾರಿಸನ್ ಸಿಮೆಟರಿಯಲ್ಲಿ ನಾನು ಅಡ್ಡಾಡಿದ್ದೇನೆ. ಗ್ಯಾರಿಸನ್ ಎಂದರೆ ಕೋಟೆ ಕಾಯಲು ನಿಂತ ಪಡೆ. ಗೋರಿಗಳ ಕಲ್ಲಿನಲ್ಲಿ ಅಧಿಕಾರಿಗಳ ಜೊತೆಗೆ ಹೆಂಡತಿ ಮಕ್ಕಳ ಹೆಸರೂ ಇವೆ. ಓದುತ್ತ ಹೋದಂತೆ ಕಾಲು ಭಾರವಾಗುತ್ತದೆ. ಶ್ರೀರಂಗಪಟ್ಟಣ ದ್ವೀಪದ ಜ್ವರ ಆ ಪಡೆಯನ್ನು ಬಿಡಲಿಲ್ಲ. 1809ರಲ್ಲಿ ದಂಡು ಬೆಂಗಳೂರಿನ ಹಲಸೂರು ಕಡೆಯ ಬಯಲಿಗೆ ಬಂತು. ಮತ್ತೆ ಏಳಲಿಲ್ಲ.

ನಿಲ್ದಾಣದಿಂದ ನಡೆದೇ ಹೊರಟೆ. ಇನ್‌ಫೆಂಟ್ರಿ ರಸ್ತೆ ಕಾಲಾಳುಗಳದ್ದು. ಇಂದಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆ, ಕುದುರೆ ಸವಾರರದ್ದು. ಶಿವಾಜಿನಗರದಲ್ಲಿ ದೇವಿಯೂ ದಂಡು ಮಾರಿಯಮ್ಮ! ಗುಡಿಯ ಹತ್ತಿರ ಕನಕಾಂಬರ ಕಟ್ಟುತ್ತಿದ್ದ ಅಜ್ಜಿಯನ್ನು ಮಾತಾಡಿಸಿದೆ. "ದಂಡಲ್ಲೇ ಹುಟ್ಟಿದ್ದು ಸಾಮಿ, ದಂಡಲ್ಲೇ ಬೆಳೆದಿದ್ದು" ಎಂದರು, ದಾರಕ್ಕೆ ಗಂಟು ಬಿಗಿಯುತ್ತಲೇ. ಅವರ ಬಾಯಲ್ಲಿ ದಂಡಿಗೆ ಕೋವಿಯೂ ಇರಲಿಲ್ಲ, ಕಹಳೆಯೂ ಇರಲಿಲ್ಲ. ಅದು ತವರಿನ ಹೆಸರಾಗಿತ್ತು.

1949ರಲ್ಲಿ ಹಳೆಯ ಊರಾದ ಪೇಟೆಯೂ ದಂಡೂ ಒಂದೇ ನಗರಪಾಲಿಕೆಯಡಿ ಸೇರಿದವು. ಆದರೂ ನಿಲ್ದಾಣದ ಬೋರ್ಡು ಹಳೆಯ ಪದವನ್ನು ಬಿಟ್ಟುಕೊಟ್ಟಿಲ್ಲ. ನಾವೂ ಬಿಟ್ಟುಕೊಡುವುದು ಬೇಡ. ಮುಂದಿನ ಸಲ ಟಿಕೆಟ್ ಕೊಳ್ಳುವಾಗ "ದಂಡಿಗೆ ಒಂದು ಕೊಡಿ" ಎಂದು ಕೇಳಿ.