ದಸ್ತುರಿ ನಾಕೆಯಿಂದ ಮುಂದೆ

ವಾಹನಗಳಿಲ್ಲದ ಊರು ಎಂಬ ಮಾತೇ ಕಿವಿಗೆ ಹಿತವಾದುದು. ಸ್ವಿಟ್ಜರ್ಲೆಂಡಿನ ಜರ್ಮಾಟ್ ಎಂಬ ಹಿಮದೂರಿಗೆ ಹೋಗುವವರು ಸುಮಾರು ಐದು ಕಿಲೋಮೀಟರ್ ಈಚೆಗಿನ ಟೇಶ್ ಎಂಬಲ್ಲಿ ತಮ್ಮ ಕಾರುಗಳನ್ನು ಬಿಟ್ಟು, ಎಲ್ಲರೊಡನೆ ರೈಲು ಹತ್ತಬೇಕು. ಊರೊಳಗೆ ವಿದ್ಯುತ್ತಿನ ಸಣ್ಣ ಬಂಡಿಗಳು ಅವರ ಗಂಟುಮೂಟೆಗಳನ್ನು ಹೋಟೆಲಿಗೆ ಮುಟ್ಟಿಸುತ್ತವೆ. ಹಿಮದ ಮೇಲೆ ಜಾರುವ ಆಟಕ್ಕಾಗಿ ಹೋಗಿಬಂದವರು ಆ ನಿಶ್ಶಬ್ದವನ್ನು ಬಾಯಿತುಂಬ ಕೊಂಡಾಡುತ್ತಾರೆ. ಮುಂಬಯಿಯ ನೆರೆಯಲ್ಲಿಯೂ ಅಂಥದೊಂದು ಊರಿದೆ. ಹಿಮದ ಬದಲು ಅಲ್ಲಿ ಕೆಂಪು ಮಣ್ಣು. ರಾಯಗಡ ಜಿಲ್ಲೆಯ ಮಾಥೆರಾನ್ ಅದು. ಅಲ್ಲಿಯ ನಿಶ್ಶಬ್ದದಲ್ಲಿ ಮನುಷ್ಯರ ಏದುಸಿರೂ ಬೆರೆತಿದೆಯೆಂಬುದನ್ನು ದಿವಾದ ಮಾಸ್ತರರು ಎಪ್ಪತ್ತರ ಅಂಚಿನಲ್ಲಿ ಕಂಡುಕೊಂಡರು.

ಮಾಸ್ತರರು ವಿಜಾಪುರ ಸೀಮೆಯವರು. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತರಾದವರು. ಸಂಬಳದಲ್ಲಿ ಎಟಕುವ ಮನೆಯನ್ನು ಹುಡುಕುತ್ತ ಹುಡುಕುತ್ತ ದಿವಾಕ್ಕೆ ಬಂದು ನಿಂತರು. ವಸಯಿಗೂ ಪನವೇಲಿಗೂ ಕವಲೊಡೆಯುವ ಹಳಿಗಳ ಈ ಜಂಕ್ಷನ್ನಿನಲ್ಲಿ ರೈಲುಗಳಿಗೆ ಕೊರತೆಯಿಲ್ಲ, ಹತ್ತಲು ಜಾಗಕ್ಕೆ ಮಾತ್ರ ಕೊರತೆ. ಬೆಳಗಿನ ಲೋಕಲಿನಲ್ಲಿ ಒಂದು ಕಾಲೂರಿ ನಿಂತು ಹೋದ ದಿನಗಳ ಲೆಕ್ಕ ಅವರಲ್ಲಿಲ್ಲ. 2025ರ ಜೂನ್ 9ರಂದು ದಿವಾ ಮತ್ತು ಮುಂಬ್ರಾ ನಡುವೆ ಕಿಕ್ಕಿರಿದ ಗಾಡಿಗಳ ಬಾಗಿಲಿನಿಂದ ಪ್ರಯಾಣಿಕರು ಬಿದ್ದು ಸತ್ತಾಗ ಹೊರಗಿನವರು ಬೆಚ್ಚಿಬಿದ್ದರು. ದಿವಾದವರಿಗೆ ಆ ಬಾಗಿಲು ಬಹುಕಾಲದ ಪರಿಚಯ. ಸ್ವಂತ ಕಾರಿನ ವಿಚಾರ ಆ ಮನೆಯಲ್ಲಿ ಎಂದೂ ಬಂದುದಿಲ್ಲ. ಆದ್ದರಿಂದ ಕಾರು ಸಲ್ಲದ ಊರಿಗೆ ಹೋಗಲು ಅವರು ಬಿಡಬೇಕಾದುದೂ ಏನಿರಲಿಲ್ಲ.

2022ರ ಮಾರ್ಚಿಯ ಒಂದು ಭಾನುವಾರ ಮಾಸ್ತರರು, ಅವರ ಪತ್ನಿ ಮತ್ತು ಹತ್ತನೆಯ ಇಯತ್ತೆಯ ಮೊಮ್ಮಗ ಕರ್ಜತ್ ಲೋಕಲ್ ಹತ್ತಿದರು. ಪತ್ನಿ ಹೆಂಗಸರ ಡಬ್ಬಿಯಲ್ಲಿ, ಗಂಡಸರಿಬ್ಬರೂ ಸಾಮಾನ್ಯ ಡಬ್ಬಿಯಲ್ಲಿ. ಡೊಂಬಿವಲಿ, ಕಲ್ಯಾಣ ದಾಟಿದ ಮೇಲೆ ಎಲ್ಲರಿಗೂ ಕೂಡಲು ಜಾಗ ಸಿಕ್ಕಿತು. ಬದಲಾಪುರದ ಮುಂದೆ ಬೆಟ್ಟಸಾಲು ಕಿಟಕಿಯೊಳಗೆ ಬಂತು. ‘ಮಾಥಾ’ ಎಂದರೆ ನೆತ್ತಿ, ‘ರಾನ್’ ಎಂದರೆ ಕಾಡು, ನೆತ್ತಿಯ ಮೇಲಿನ ಕಾಡು ಎಂದು ಜನ ಹೇಳುವ ಅರ್ಥವನ್ನು ಮಾಸ್ತರರು ಮೊಮ್ಮಗನಿಗೆ ವಿವರಿಸಿದರು. ‘ರಾನ್’ ನಮ್ಮ ‘ಅರಣ್ಯ’ದ ಸವೆದ ರೂಪವೆಂದು ಸೇರಿಸುವುದನ್ನೂ ಮರೆಯಲಿಲ್ಲ. ಮಾಸ್ತರಿಕೆ ಅಷ್ಟು ಬೇಗ ಬಿಡುವ ಜಾಡ್ಯವಲ್ಲ.

ನೇರಳಿನಿಂದ ಬೆಟ್ಟಕ್ಕೆ ಎರಡಡಿ ಅಗಲದ ಹಳಿಯ ಪುಟ್ಟ ರೈಲಿದೆ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ಹತ್ತಿ ಅದರ ತಂಪನ್ನು ಹೊರಲೋಕಕ್ಕೆ ತಿಳಿಸಿದ. ಆ ಬಳಿಕ ಅರ್ಧ ಶತಮಾನ ದೊರೆಗಳೂ ಶ್ರೀಮಂತರೂ ಕುದುರೆಯ ಮೇಲೆ, ಇಲ್ಲವೆ ಆಳುಗಳ ಹೆಗಲ ಮೇಲೆ ಹತ್ತಿದರು. ಆದಮ್‌ಜಿ ಪೀರ್‌ಭಾಯ್ ಮನೆತನದ ಅಬ್ದುಲ್ ಹುಸೇನರು ಕಟ್ಟಿಸಿದ ರೈಲು 1907ರಲ್ಲಿ ಓಡತೊಡಗಿತು. ಜನಸಾಮಾನ್ಯನೂ ಟಿಕೀಟು ಕೊಂಡು ಆ ನೆತ್ತಿಯನ್ನೇರಬಹುದೆಂಬುದನ್ನು ಆ ಪುಟ್ಟ ಗಾಡಿ ತೋರಿಸಿತೆಂದೇ ಹೇಳಬೇಕು. ಆದರೆ 2019ರ ಮಳೆಗೆ ಹಳಿ ಕೊಚ್ಚಿಹೋಗಿತ್ತು. ನೇರಳಿನಿಂದ ಮತ್ತೆ ಗಾಡಿ ಹೊರಟದ್ದು 2022ರ ಅಕ್ಟೋಬರಿನಲ್ಲಿ. ಆ ಭಾನುವಾರ ಉಳಿದುದು ಸ್ಟೇಷನ್ನಿನ ಹೊರಗಿನ ಶೇರ್ ಟ್ಯಾಕ್ಸಿ. ಸವಾರಿ ತುಂಬುವವರೆಗೆ ಅದು ಕದಲದು. ಉಲ್ಹಾಸನಗರದ ಗಂಡಹೆಂಡತಿ ಬಂದು ಸೇರಿದ ಮೇಲೆ ಹೊರಟಿತು. ಕಡಿದಾದ ತಿರುವುಗಳಲ್ಲಿ ಅಪರಿಚಿತರು ಒಬ್ಬರ ಮೇಲೊಬ್ಬರು ವಾಲಿ, ಕ್ಷಮೆ ಕೇಳಿ, ಕೊನೆಗೆ ಕೇಳುವುದನ್ನೂ ಬಿಟ್ಟರು.

ದಸ್ತುರಿ ನಾಕೆಯಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತವೆ. 2003ರಲ್ಲಿ ಕೇಂದ್ರ ಸರಕಾರ ಮಾಥೆರಾನನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಆ ಭಾನುವಾರದ ಹೊತ್ತಿಗೂ ಆಂಬುಲೆನ್ಸಿನಂಥ ತುರ್ತು ವಾಹನಗಳ ಹೊರತು ಮೋಟಾರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮುಂದಿನ ಎರಡು–ಮೂರು ಕಿಲೋಮೀಟರಿಗೆ ಆಗ ಇದ್ದುದು ಕಾಲ್ನಡಿಗೆ, ಕುದುರೆ, ಕೈರಿಕ್ಷಾ, ಇಲ್ಲವೆ ಅಮನ್ ಲಾಜ್ ಸ್ಟೇಷನ್ನಿನಿಂದ ಹೊರಡುವ ರೈಲು. ರೈಲಿನ ಟಿಕೀಟು ತೀರಿತ್ತು. ಮಾಸ್ತರರ ಪತ್ನಿಗೆ ಎರಡೂ ಮೊಣಕಾಲಿನ ಸಂಧಿವಾತ. ಕುದುರೆಯನ್ನು ನೋಡಿಯೇ ಹಿಂದೆ ಸರಿದರು. ಹಾಗಾಗಿ ಮಾಸ್ತರರು ಕೈರಿಕ್ಷಾದ ಕಡೆಗೆ ನಡೆದರು: ಮುಂದೊಬ್ಬ ಎಳೆಯುವವ, ಹಿಂದೊಬ್ಬ ನೂಕುವವ, ನಡುವೆ ಎರಡು ಗಾಲಿಯ ಮೇಲೊಂದು ಕುರ್ಚಿ.

ಆ ಮಹಾತಾಯಿ ನೆಲ ಬಿಟ್ಟು ಏಳಲಿಲ್ಲ. “ಏನ್ರಿ, ದೇವರ ಪಾಲಕಿ ಹೊರೋರನ್ನ ನೋಡೇನಿ. ನಾ ಏನ್ ದೇವರೇನು? ಮನಿಷ್ಯಾ ಎಳೀತಿದ್ರ ನಾ ಹ್ಯಾಂಗ ಕುಂಡ್ರಲಿ?”

ಮಾಸ್ತರರಲ್ಲಿ ಉತ್ತರವಿತ್ತು; ಬಸವಣ್ಣನ ಸೀಮೆಯವರಲ್ಲವೆ, ಕಾಯಕದ ಪಾಠವನ್ನು ವರ್ಷವರ್ಷವೂ ಹೇಳಿದವರು. ಆದರೆ ಇನ್ನೊಬ್ಬನ ಅನಿವಾರ್ಯತೆಯನ್ನು ಕಾಯಕವೆಂದು ಕರೆಯುವ ಮುನ್ನ ನಾಲಿಗೆ ತಡೆಯಿತು. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೂ ಒಂದು ಕೆಲಸವೇ ತಾನೆ ಎಂದು ಆಗ ವಾದಿಸಿದವರ ಪಂಕ್ತಿಯಲ್ಲಿ ತಾವೂ ನಿಂತಂತಾಗುವುದೋ ಏನೋ ಎಂಬ ಅಳುಕು ಅದು. ಅಷ್ಟರಲ್ಲಿ ರಿಕ್ಷಾದವನೇ ಮರಾಠಿಯಲ್ಲಿ ಹೇಳಿದ: “ಆಯೀ, ಬೆಳಿಗ್ಗೆಯಿಂದ ಒಂದೇ ಸವಾರಿ ಆಗಿದೆ. ನೀವು ಕೂತರೆ ಎರಡನೆಯದು.”

ಅವರು ಕೂತರು. ತೊಡೆಯ ಮೇಲೆ ಚೀಲ, ಅದರ ಮೇಲೆ ಬಿಗಿದ ಎರಡು ಕೈ. ಮೊಮ್ಮಗ ಹಿಂದಿನವನ ಜೊತೆ ಕೈಹಚ್ಚಿ ನೂಕತೊಡಗಿದ. ಏರು ಬಂದಾಗಲೆಲ್ಲ “ನಿಲ್ಲಸ್ರೀ, ಇಳೀತೀನಿ” ಎಂದು ಇಳಿದು ನಾಲ್ಕು ಹೆಜ್ಜೆ ಕುಂಟಿ ಮತ್ತೆ ಹತ್ತುವುದು ಅವರ ಕ್ರಮವಾಯಿತು. ಮೂರನೆಯ ಸಲ ಮುಂದಿನವನು ಬೆವರೊರೆಸಿಕೊಂಡು, ನಿಂತ ಬಂಡಿಯನ್ನು ಏರಿನಲ್ಲಿ ಮತ್ತೆ ಹೊರಡಿಸುವುದೇ ಎಲ್ಲಕ್ಕಿಂತ ಕಷ್ಟ, ದಯಮಾಡಿ ಸುಮ್ಮನೆ ಕೂಡಿ ಎಂದ. ಆಮೇಲೆ ಅವರು ಇಳಿಯಲಿಲ್ಲ. ಪೇಟೆ ಬರುವವರೆಗೂ ಆತನ ಬೆನ್ನನ್ನು ನೋಡದಂತೆ ಮುಖ ತಿರುಗಿಸಿಕೊಂಡೇ ಇದ್ದರು. ಷಾರ್ಲೆಟ್ ಸರೋವರವನ್ನೂ ಪ್ಯಾನೊರಮಾ ಪಾಯಿಂಟನ್ನೂ ಅಜ್ಜ ಮೊಮ್ಮಗ ಇಬ್ಬರೇ ನೋಡಿದರು. ಅವರು ಪೇಟೆಯ ಕಟ್ಟೆಯ ಮೇಲೆ ಕೂತು, ಮರಳಿ ಹೋಗುವ ರೈಲಿನ ಟಿಕೀಟನ್ನು ಮೊದಲು ತಂದುಕೊಡಬೇಕೆಂದು ಹಟ ಹಿಡಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಮಾಥೆರಾನಿನಲ್ಲಿ ಪ್ರಾಯೋಗಿಕವಾಗಿ ಇ-ರಿಕ್ಷಾ ಓಡಿತು. ಕುದುರೆಯವರ ವಿರೋಧವಿತ್ತು, ಅವರ ಮನೆಯಲ್ಲಿಯೂ ಒಲೆ ಉರಿಯಬೇಕಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಸಾಗಿತು. 2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಕೈರಿಕ್ಷಾವನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. 1980ರಲ್ಲಿ ಪಂಜಾಬಿನ ರಿಕ್ಷಾ ಎಳೆಯುವವರ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯ ಮಾತನಾಡಿ 45 ವರ್ಷವಾದರೂ ಮನುಷ್ಯನನ್ನು ಮನುಷ್ಯ ಎಳೆಯುವುದು ನಿಂತಿಲ್ಲವೆಂದು ಪೀಠ ವಿಷಾದಿಸಿತು. ಎಳೆಯುತ್ತಿದ್ದವರಿಗೇ ಇ-ರಿಕ್ಷಾ ಬಾಡಿಗೆಗೆ ದೊರೆಯುವಂತೆ ಯೋಜನೆ ರೂಪಿಸಬೇಕು, ಹಣವಿಲ್ಲವೆಂಬ ನೆವ ಸಲ್ಲದು ಎಂದೂ ರಾಜ್ಯ ಸರಕಾರಕ್ಕೆ ಹೇಳಿತು.

ದಿವಾದ ಮನೆಯಲ್ಲಿ ಮಾಸ್ತರರು ಆ ಸುದ್ದಿಯನ್ನು ಪತ್ನಿಗೆ ಓದಿ ಹೇಳಿದರು. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು ಪೂರ್ತಿ ಕೇಳಿದರು.

“ಛಲೋ ಆತು. ಅವಗ ಆ ಗಾಡಿ ಸಿಗತೈತೇನ್ರಿ?”

“ಯಾರಿಗೆ?”

“ನನ್ನ ಎಳೆದಾವಗ.”

ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಸುದ್ದಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದರು.