ಏರು ಹತ್ತಲು ಎಷ್ಟು ಹಲ್ಲು ಬೇಕು?

ನಿಮ್ಮ ಸೈಕಲಿನ ಹಲ್ಲು ಎಣಿಸಿದ್ದೀರಾ? ನಾನು ಎಣಿಸಿದೆ. ಪೆಡಲಿನ ಹತ್ತಿರದ ಚಕ್ರಕ್ಕೆ 44, ಹಿಂದಿನ ಫ್ರೀವೀಲಿಗೆ 18. ಭಾಗಿಸಿದರೆ 2.44. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು. ಬಯಲಿಗೆ ಇದು ಸರಿ, ಗುಡ್ಡಕ್ಕಲ್ಲ.

ಸಂಜೆ ನಮಗೆ ಬರೀ ಏರು, ಕ್ಯಾರಿಯರ್ ಮೇಲೆ ತಂಗಿ ಬೇರೆ. ತಳ್ಳಿಕೊಂಡು ಮನೆ ಮುಟ್ಟುವಾಗ ಕತ್ತಲು. "ಹಿಂಗಾದ್ರೆ ಅವಳನ್ನ ಹಾಸ್ಟೆಲಿಗೆ ಹಾಕ್ತೀನಿ" ಅಂದರು ಅಪ್ಪಯ್ಯ. ತಂಗಿ ಅತ್ತಳು.

ಗೇರ್ ಸೈಕಲಿಗೆ ದುಡ್ಡಿಲ್ಲ. ಸೈಕಲ್ ಶಾಪಿನಲ್ಲಿ 22 ಹಲ್ಲಿನ ಫ್ರೀವೀಲ್ ಹಾಕಿಸಿ, ಚೈನು ಸ್ವಲ್ಪ ಉದ್ದ ಮಾಡಿಸಿದೆವು. ಈಗ ಪೆಡಲಿನ ಒಂದು ಸುತ್ತಿಗೆ ಗಾಲಿ ಎರಡೇ ಸುತ್ತು. ದೂರ ಕಡಿಮೆ, ಕಾಲಿನ ಭಾರವೂ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕಡಿಮೆ. ಘಟ್ಟ ಹತ್ತುವ ಕೆಲವು ರೇಸ್ ಸೈಕಲ್‌ಗಳಲ್ಲಿ ಮುಂದೆ 34, ಹಿಂದೆಯೂ 34 ಹಲ್ಲಿನ ಗೇರ್ ಇರುತ್ತದೆ. ಒಂದಕ್ಕೆ ಒಂದೇ ಸುತ್ತು!

ಬಯಲಲ್ಲಿ ನೀವು ನನ್ನನ್ನು ಹಿಂದೆ ಹಾಕ್ತೀರಿ, ಹಾಕಿ. ಕಡೇ ತಿರುವೊಂದು ಬಿಟ್ಟರೆ ಈಗ ಎಲ್ಲೂ ಇಳಿಯೋದಿಲ್ಲ. ಹಾಸ್ಟೆಲ್ ಮಾತು ನಿಂತಿದೆ.

ಗುಡ್ಡದ ಕಡೆಯ ಗೆಳೆಯರೇ, ಸೈಕಲ್ ಕೊಳ್ಳುವಾಗ ಬಣ್ಣ ಆಮೇಲೆ ನೋಡಿ, ಮೊದಲು ಹಲ್ಲು ಎಣಿಸಿ.